ಭಾನುವಾರದ ಫೋಟೋಗ್ರಾಫರು

ನಿಮ್ಮ ಮನೆಯ ನಡುಮನೆಯ ಗೋಡೆಯ ಕಡೆಗೆ ಒಮ್ಮೆ ಕಣ್ಣು ಹಾಯಿಸಿ. ದೇವರ ಪಟಗಳ ಸಾಲಿಗೆ ತುಸು ಕೆಳಗೆ, ಕಟ್ಟು ಹಾಕಿಸಿದ ಹಳೆಯ ಫೋಟೋ ಒಂದು ಇದ್ದೇ ಇರುತ್ತದೆ. ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತ ಅಜ್ಜ, ಪಕ್ಕದಲ್ಲಿ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದು ನಿಂತ ಅಜ್ಜಿ, ಹಿಂದೆ ಪರದೆಯ ಮೇಲೆ ಬಣ್ಣದಲ್ಲಿ ಬರೆದ ಕೊಳ, ಕಂಬ, ಹಂಸ. ಚಿತ್ರದಲ್ಲಿರುವವರು ಯಾರೆಂದು ನಿಮಗೆ ಗೊತ್ತು. ಆದರೆ ಚಿತ್ರದಲ್ಲಿ ಕಾಣದ ಮೂರನೆಯವನೊಬ್ಬನುಂಟು. ಅಜ್ಜನಿಗೆ ಗದ್ದ ಎತ್ತಲು ಹೇಳಿದವನು, ಅಜ್ಜಿಗೆ ನಗಬೇಡಿ ಎಂದವನು, ಕರಿಬಟ್ಟೆಯೊಳಗೆ ತಲೆ ತೂರಿಸಿ ಎರಡು ಕ್ಷಣ ಉಸಿರು ಬಿಗಿಹಿಡಿದವನು. ಅವನು ಯಾರು?

ದೊಡ್ಡ ಪಟ್ಟಣವಾದರೆ ಈ ಪ್ರಶ್ನೆಗೆ ಉತ್ತರ ಸುಲಭ. ಅಲ್ಲಿ ಕಂಪನಿಗಳಿದ್ದವು, ಹೆಸರುವಾಸಿ ಸ್ಟುಡಿಯೋಗಳಿದ್ದವು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳ ಮಾತು ಬೇರೆ. ರೈಲು ದಾರಿ ಈ ನಾಲ್ಕು ಊರುಗಳನ್ನೂ ದೂರದಿಂದಲೇ ಬಳಸಿ ಹೋಯಿತು. ಫಿಲ್ಮು, ಕಾಗದ, ಔಷಧಿ ಎಲ್ಲವೂ ದಾವಣಗೆರೆಯಿಂದಲೋ ಶಿವಮೊಗ್ಗದಿಂದಲೋ ಬಸ್ಸಿನಲ್ಲಿ ಬರಬೇಕು. ವರ್ಷದ ಹನ್ನೆರಡು ತಿಂಗಳೂ ಪಟ ತೆಗೆದು ಬದುಕುವಷ್ಟು ಗಿರಾಕಿಗಳು ಇಂಥ ಊರಿನಲ್ಲಿ ಎಲ್ಲಿಂದ ಬಂದಾರು? ಆದ್ದರಿಂದ ಪಟ ತೆಗೆದವನಿಗೆ ಬೇರೊಂದು ಕೆಲಸ ಇದ್ದೇ ಇರುತ್ತಿತ್ತು. ಅವನು ಉಪಾಧ್ಯಾಯನಾಗಿರಬಹುದು, ಗುಮಾಸ್ತನಾಗಿರಬಹುದು, ಗಡಿಯಾರ ರಿಪೇರಿಯವನೋ ಬೋರ್ಡು ಬರೆಯುವವನೋ ಆಗಿರಬಹುದು. ಮೊದಲು ಹುಚ್ಚಿಗಾಗಿ ಕ್ಯಾಮೆರಾ ಕೊಂಡ. ಆಮೇಲೆ ಹುಚ್ಚಿನ ಖರ್ಚು ಹೊರಲಾರದೆ ಅದರಿಂದಲೇ ನಾಲ್ಕು ಕಾಸು ಹುಟ್ಟಿಸಲು ಹೊರಟ. ಇವರನ್ನು ನಾನು ಭಾನುವಾರದ ಫೋಟೋಗ್ರಾಫರು ಎಂದು ಕರೆಯುತ್ತೇನೆ. ಇವರ ಕಥೆಯನ್ನು ನಿಮ್ಮ ಮುಂದೆ ಇಡಬೇಕೆಂದು ಬಹುದಿನಗಳಿಂದ ನನ್ನ ಮನಸ್ಸಿನಲ್ಲಿತ್ತು.

ಇದು ಬಡಪಾಯಿಗಳ ಕಥೆ ಎಂದು ಭಾವಿಸಬೇಡಿ. ನಮ್ಮ ನಾಡಿನಲ್ಲಿ ಛಾಯಾಗ್ರಹಣ ಕಾಲಿಟ್ಟದ್ದೇ ಹವ್ಯಾಸಿಗಳ ಕೈಹಿಡಿದು. ಫ್ರಾನ್ಸಿನ ದಾಗೇರ್ ತನ್ನ ವಿಧಾನವನ್ನು ಲೋಕಕ್ಕೆ ತಿಳಿಸಿದ್ದು ೧೮೩೯ರಲ್ಲಿ. ಮರು ವರ್ಷವೇ ಕಲ್ಕತ್ತೆಯ ಅಂಗಡಿಯಲ್ಲಿ ಕ್ಯಾಮೆರಾ ಮಾರಾಟಕ್ಕಿತ್ತು. ಆದರೆ ಕನ್ನಡನಾಡಿನ ಗುಡಿಗೋಪುರಗಳ ಮುಂದೆ ಅದು ಬಂದು ನಿಂತದ್ದು ಇನ್ನೂ ಹದಿನೈದು ವರ್ಷ ಕಳೆದ ಮೇಲೆ. ಲಿನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ ಮದರಾಸು ಸೈನ್ಯದವನು, ಬೆಂಗಳೂರಿನಲ್ಲಿ ಠಾಣ್ಯ. ೧೮೫೪ರ ಕೊನೆಯಲ್ಲಿ ಆತ ರಜೆ ಪಡೆದು, ಆಂಡ್ರೂ ನೀಲ್ ಎಂಬ ವೈದ್ಯನ ಜೊತೆಗೂಡಿ ಶ್ರವಣಬೆಳಗೊಳ, ಹಳೇಬೀಡು, ಬೇಲೂರುಗಳ ಕಡೆ ಹೊರಟ. ರಜೆ ಎಂಬ ಮಾತನ್ನು ನೀವು ಗಮನಿಸಬೇಕು. ಈ ಕಥೆಯಲ್ಲಿ ಅದು ಮತ್ತೆ ಮತ್ತೆ ಬರುತ್ತದೆ.

ಆ ಕಾಲದ ಪಟ ತೆಗೆಯುವಿಕೆ ಎಂದರೆ ಗುಂಡಿ ಒತ್ತಿ ಮುಗಿಸುವ ಕೆಲಸವಲ್ಲ. ಮೇಣ ಸವರಿದ ಕಾಗದವೇ ನೆಗೆಟಿವ್. ಅದಕ್ಕೆ ಬೆಳ್ಳಿಯ ಲವಣ ಹಚ್ಚಬೇಕು, ಕ್ಯಾಮೆರಾದಲ್ಲಿಟ್ಟು ನಿಮಿಷಗಟ್ಟಲೆ ಬಾಯಿ ತೆರೆದಿಡಬೇಕು. ಅಷ್ಟು ಹೊತ್ತು ಅಲುಗಾಡದೆ ನಿಲ್ಲುವ ಮನುಷ್ಯ ಸಿಗುವುದು ಕಷ್ಟ. ಕಲ್ಲಿನ ಹೊಯ್ಸಳೇಶ್ವರ ಮಾತ್ರ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತಾನೆ. ನಮ್ಮ ಮೊದಲ ಚಿತ್ರಗಳೆಲ್ಲ ದೇವಸ್ಥಾನಗಳವೇ ಆಗಿರುವುದಕ್ಕೆ ಭಕ್ತಿ, ಪುರಾತತ್ತ್ವ ಕಾರಣವಿರಬಹುದು. ಈ ಕಾರಣವೂ ಉಂಟು.

ಟ್ರೈಪ್ ತೆಗೆದ ೬೮ ಚಿತ್ರಗಳು ೧೮೫೫ರ ಮದರಾಸು ಪ್ರದರ್ಶನದಲ್ಲಿ ಗೋಡೆ ಏರಿದವು. ಪರೀಕ್ಷಕರು ಮೆಚ್ಚಿದರು, ದೊರೆಗಳ ಕಿವಿಗೂ ಮಾತು ಮುಟ್ಟಿತು. ಅದೇ ವರ್ಷ ಬರ್ಮಾ ದೇಶಕ್ಕೆ ಹೋದ ನಿಯೋಗದ ಜೊತೆ ಆತನನ್ನು ಚಿತ್ರಕಾರನಾಗಿ ಕಳಿಸಿದರು. ಆಮೇಲೆ ಮದರಾಸು ಪ್ರಾಂತ್ಯದ ಸರ್ಕಾರಿ ಛಾಯಾಗ್ರಾಹಕನನ್ನಾಗಿ ಮಾಡಿದರು. ರಜೆಯಲ್ಲಿ ಕೈಖರ್ಚಿನಿಂದ ಮಾಡಿದ್ದ ಕೆಲಸಕ್ಕೆ ಸಂಬಳ ಬಂತು. ಎಂಥ ಅದೃಷ್ಟ ಎನ್ನುತ್ತೀರಿ. ಆದರೆ ಮುಂದೇನಾಯಿತು ನೋಡಿ. ಹೊಸದಾಗಿ ಬಂದ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲಿಯನ್ ಲೆಕ್ಕದ ಪುಸ್ತಕ ತೆರೆದ. ಈ ಫೋಟೋಗ್ರಫಿ ನಮ್ಮ ಬೊಕ್ಕಸಕ್ಕೆ ಒಗ್ಗದ ಭೋಗವಸ್ತು ಎಂಬುದು ಆತನ ಅಭಿಪ್ರಾಯ. ೧೮೬೦ರಲ್ಲಿ ಶಾಖೆಯನ್ನು ಮುಚ್ಚಿದರು. ಟ್ರೈಪ್ ೧೯೦೨ರವರೆಗೂ ಬದುಕಿದ್ದ. ಆದರೆ ಆಮೇಲಿನ ನಲವತ್ತು ವರ್ಷಗಳಲ್ಲಿ ಆತ ಕ್ಯಾಮೆರಾ ಹಿಡಿದದ್ದು ತೀರ ಅಪರೂಪ. ಹವ್ಯಾಸವಾಗಿಯೇ ಉಳಿದಿದ್ದರೆ ಬಹುಶಃ ಬಿಡುತ್ತಿರಲಿಲ್ಲ ಎಂದು ನನಗೆ ಅನೇಕ ವೇಳೆ ಅನ್ನಿಸಿದೆ. ಒಮ್ಮೆ ಸಂಬಳದ ಕೆಲಸವಾದ ಮೇಲೆ, ಸಂಬಳ ನಿಂತಾಗ ಅದರ ಜೊತೆಗೆ ಪ್ರೀತಿಯೂ ನಿಂತುಹೋಗುವುದುಂಟು.

ಮುಂಬಯಿ ಪ್ರಾಂತ್ಯದ ಕಡೆಯಿಂದಲೂ ಇಂಥವರೇ ಬಂದರು. ಕ್ಯಾಪ್ಟನ್ ಬಿಗ್ಸ್ ಫಿರಂಗಿ ದಳದವನು. ೧೮೫೫ರಲ್ಲಿ ಬಿಜಾಪುರ, ಬಾದಾಮಿ, ಐಹೊಳೆಗಳನ್ನು ಚಿತ್ರಿಸಿದ. ಸೈನ್ಯ ಮರಳಿ ಕರೆದಾಗ ಅವನ ಜಾಗಕ್ಕೆ ಡಾಕ್ಟರ್ ಪಿಗೂ ಬಂದ. ಆತನೂ ವೃತ್ತಿಯಿಂದ ವೈದ್ಯ. ಆತ ನಮ್ಮ ಹರಿಹರೇಶ್ವರನ ಗುಡಿಯನ್ನು ಚಿತ್ರಿಸಿದ. ಹೊನ್ನಾಳಿಯನ್ನು ದಾಟಿ ಹರಿಯುವ ಅದೇ ಹೊಳೆ ಆ ಗುಡಿಯ ಪಕ್ಕದಲ್ಲಿ ಹರಿಯುತ್ತದೆ. ಪಿಗೂ ೧೮೫೮ರಲ್ಲಿ ತೀರಿಕೊಂಡ. ಈ ಮೂವರ, ಎಂದರೆ ಬಿಗ್ಸ್, ಪಿಗೂ, ನೀಲ್ ಅವರ, ಚಿತ್ರಗಳೆಲ್ಲ ಸೇರಿ ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವಾಗಿ ೧೮೬೬ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಅದರ ಹಿಂದಿನ ವರ್ಷ ಮೇಜರ್ ಡಿಕ್ಸನ್ ಎಂಬ ಮತ್ತೊಬ್ಬ ಸೇನಾಧಿಕಾರಿ ಚಿತ್ರದುರ್ಗ, ದಾವಣಗೆರೆ, ಹರಿಹರ, ಬಳ್ಳಿಗಾವೆಗಳ ಕಲ್ಬರಹಗಳ ಪಟ ತೆಗೆದಿದ್ದ. ಬಿ. ಎಲ್. ರೈಸ್ ಅವರು ಆ ಪಟಗಳನ್ನು ಮುಂದಿಟ್ಟುಕೊಂಡು ಓದಿ, ೧೮೭೯ರಲ್ಲಿ ಮೈಸೂರು ಶಾಸನಗಳ ಪುಸ್ತಕವನ್ನು ತಂದರು. ಹೊನ್ನಾಳಿ, ಚನ್ನಗಿರಿಯ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲೂ ಜಗಳೂರಿನವು ಹನ್ನೊಂದನೆಯದರಲ್ಲೂ ಅಚ್ಚಾಗಿರುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಆ ದೊಡ್ಡ ಕೆಲಸದ ಮೊದಲ ಮೆಟ್ಟಿಲು ಈ ಪಟಗಳು.

ಇವರೆಲ್ಲ ಹೊರಗಿನವರು, ಹಿಂದೆ ಕಂಪನಿಯೋ ಸರ್ಕಾರವೋ ಇದ್ದವರು, ನಮಗೂ ಅವರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದ್ದರಿಂದ ನಮ್ಮವರೇ ಆದ ಒಬ್ಬರ ವಿಷಯ ಹೇಳುತ್ತೇನೆ.

ಲಾಲಾ ದೀನ್ ದಯಾಳ್ ಮೀರತ್ತಿನ ಬಳಿಯ ಸರ್ಧಾನಾ ಎಂಬ ಊರಿನವರು, ಹುಟ್ಟಿದ್ದು ೧೮೪೪. ರೂರ್ಕಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ೧೮೬೬ರಲ್ಲಿ ಇಂದೂರಿನ ಪಬ್ಲಿಕ್ ವರ್ಕ್ಸ್ ಇಲಾಖೆಯಲ್ಲಿ ಅಂದಾಜುಪಟ್ಟಿ ತಯಾರಿಸುವ, ನಕ್ಷೆ ಬರೆಯುವ ಕೆಲಸಕ್ಕೆ ಸೇರಿದರು. ಮೂವತ್ತು ವರ್ಷದ ಹೊತ್ತಿಗೆ ಅವರಿಗೆ ಫೋಟೋಗ್ರಫಿಯ ಹುಚ್ಚು ಹಿಡಿಯಿತು. ಹಗಲು ಸೇತುವೆ, ಬಂಗಲೆಗಳ ಲೆಕ್ಕ. ಬಿಡುವಿನಲ್ಲಿ ಗಾಜಿನ ಫಲಕ, ಕರಿಬಟ್ಟೆ. ಇಂದೂರಿನಲ್ಲಿದ್ದ ಬ್ರಿಟಿಷ್ ಪ್ರತಿನಿಧಿ ಸರ್ ಹೆನ್ರಿ ಡೇಲಿ ಬೆನ್ನು ತಟ್ಟಿದ. ವೈಸರಾಯ್ ನಾರ್ತ್‌ಬ್ರೂಕ್ ಬಂದಾಗ ಅವನ ಪಟ ತೆಗೆಯುವ ಅವಕಾಶ ಒದಗಿತು. ಆಮೇಲೆ ಸರ್ ಲೆಪೆಲ್ ಗ್ರಿಫಿನ್ ಬುಂದೇಲಖಂಡದ ಪ್ರವಾಸಕ್ಕೆ ಜೊತೆಯಲ್ಲಿ ಕರೆದೊಯ್ದ. ಹತ್ತಾರು ವರ್ಷ ಹೀಗೆ ಎರಡು ದೋಣಿಗಳಲ್ಲಿ ಕಾಲಿಟ್ಟೇ ನಡೆಸಿದರು. ಹೇಳಿದೆನಲ್ಲ, ಇಲ್ಲಿಯೂ ರಜೆ ಬರುತ್ತದೆ: ಅವರು ಒಮ್ಮೆಗೇ ರಾಜೀನಾಮೆ ಬಿಸಾಡಲಿಲ್ಲ. ದೀರ್ಘ ರಜೆ ತೆಗೆದುಕೊಂಡು ಊರೂರು ಸುತ್ತಿ, ತಮ್ಮ ಪಟಗಳಿಗೆ ಕೊಳ್ಳುವವರುಂಟೆ ಎಂದು ನೋಡಿಕೊಂಡರು. ಉಂಟು ಎಂದು ಖಾತ್ರಿಯಾದ ಮೇಲೆ ಸರ್ಕಾರಿ ಕೆಲಸ ಬಿಟ್ಟರು. ಹೈದರಾಬಾದಿನ ಆರನೆಯ ನಿಜಾಮರು ಅವರನ್ನು ಆಸ್ಥಾನದ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು. ಸಿಕಂದರಾಬಾದಿನಲ್ಲಿ ಸ್ಟುಡಿಯೋ ಆಯಿತು, ೧೮೯೬ರಲ್ಲಿ ಮುಂಬಯಿಯಲ್ಲಿ ಇನ್ನೊಂದಾಯಿತು. ೧೮೯೨ರಲ್ಲಿ ಅವರು ಹೆಂಗಸರಿಗಾಗಿಯೇ ಪ್ರತ್ಯೇಕ ಜನಾನಾ ಸ್ಟುಡಿಯೋ ತೆರೆದು, ಅದನ್ನು ನಡೆಸಲು ಇಂಗ್ಲಿಷ್ ಮಹಿಳೆಯೊಬ್ಬರನ್ನು ನೇಮಿಸಿದ್ದರೆಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ; ನನ್ನ ಅತ್ತೆಯ ಮಾತು ಬಂದಾಗ ಇದು ಬೇಕಾಗುತ್ತದೆ.

ಅದೇ ಕಾಲಕ್ಕೆ ಸಾಗರದಾಚೆ, ಅಮೆರಿಕದ ರಾಚೆಸ್ಟರ್ ಎಂಬ ಊರಿನಲ್ಲಿ ಜಾರ್ಜ್ ಈಸ್ಟ್‌ಮನ್ ಎಂಬ ಬ್ಯಾಂಕು ಗುಮಾಸ್ತನೊಬ್ಬ ರಜೆಯಲ್ಲಿ ಪ್ರವಾಸ ಹೋಗಬೇಕೆಂದು ಕ್ಯಾಮೆರಾ ಸಾಮಾನು ಕೊಂಡ. ಪ್ರವಾಸ ನಡೆಯಲೇ ಇಲ್ಲ. ಆದರೆ ಹಗಲು ಬ್ಯಾಂಕಿನಲ್ಲಿ ಲೆಕ್ಕ ಬರೆದು, ರಾತ್ರಿ ತಾಯಿಯ ಅಡಿಗೆಮನೆಯಲ್ಲಿ ಒಣ ಫಲಕಗಳನ್ನು ಕಾಯಿಸುತ್ತ ಕುಳಿತ ಆತ ೧೮೮೦ರಲ್ಲಿ ಅವುಗಳ ತಯಾರಿಕೆ ಆರಂಭಿಸಿದ. ಬ್ಯಾಂಕಿನ ಕೆಲಸ ಬಿಟ್ಟದ್ದು ೧೮೮೧ರಲ್ಲಿ. ೧೮೮೮ರಲ್ಲಿ ಕೊಡಕ್ ಕ್ಯಾಮೆರಾ, ೧೯೦೦ರಲ್ಲಿ ಒಂದು ಡಾಲರಿನ ಬ್ರೌನಿ ಡಬ್ಬಿ. ಈ ಡಬ್ಬಿಯ ಸಂತತಿ ಮುಂದೆ ನಮ್ಮ ತಾಲ್ಲೂಕು ಊರುಗಳವರೆಗೂ ಬಂತು. ಬ್ಯಾಂಕು ಗುಮಾಸ್ತನೊಬ್ಬನ ರಾತ್ರಿಯ ಹವ್ಯಾಸವಿಲ್ಲದಿದ್ದರೆ ಪಟ ತೆಗೆಯುವ ಕೆಲಸ ಇನ್ನೆಷ್ಟು ಕಾಲ ಡಾಕ್ಟರು, ಕ್ಯಾಪ್ಟನ್ನುಗಳ ಕೈಯಲ್ಲೇ ಉಳಿಯುತ್ತಿತ್ತೋ!

ಹವ್ಯಾಸದಿಂದ ಹುಟ್ಟಿದ ದೊಡ್ಡ ಕೆಲಸಗಳ ಮಾತು ಬಂದಾಗ ನೀವು ಕೇಳುತ್ತಿರುವ ಈ ಆಕಾಶವಾಣಿಯನ್ನು ಮರೆಯುವಂತಿಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಾದ ವಿಠ್ಠಲ ವಿಹಾರದಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಅದೂ ಪಾಠ ಹೇಳಿ ಮಿಕ್ಕ ವೇಳೆಯಲ್ಲಿ. ಇರಲಿ, ಪಟದ ಮಾತಿಗೆ ಮರಳೋಣ.

ಇನ್ನು ನಮ್ಮ ಊರುಗಳ ಸಂಗತಿ. ಇದಕ್ಕೆ ಗ್ರಂಥಗಳ ಆಧಾರವಿಲ್ಲ. ನಮ್ಮ ಮನೆಯದೇ ಆಧಾರ. ನನ್ನ ಸೋದರಮಾವನವರು ಪ್ರೌಢಶಾಲೆಯ ಉಪಾಧ್ಯಾಯರು. ಮೊದಲ ನೇಮಕ ಜಗಳೂರಿಗೆ. ಆಗ ಅದು ಚಿತ್ರದುರ್ಗ ಜಿಲ್ಲೆ. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆ. ಇವೆಲ್ಲ ದಾವಣಗೆರೆ ಜಿಲ್ಲೆಗೆ ಸೇರಿದ್ದು ೧೯೯೭ರಲ್ಲಿ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದಂತೂ ಈಚಿನ ವರ್ಷಗಳಲ್ಲಿ. ಜಗಳೂರಿನಲ್ಲಿ ಒಂಟಿ ಬದುಕು, ಉರಿಬಿಸಿಲು, ಸಂಜೆ ಕಳೆಯಲು ಬೇರೆ ದಾರಿಯಿಲ್ಲ. ಮಾವ ಒಂದು ಅಗ್ಫಾ ಕ್ಲಿಕ್ ಮೂರು ಕ್ಯಾಮೆರಾ ಕೊಂಡರು. ನಮ್ಮ ದೇಶದಲ್ಲೇ ತಯಾರಾಗುತ್ತಿದ್ದ ಆ ಕ್ಯಾಮೆರಾವನ್ನು ನಿಮ್ಮಲ್ಲಿ ಹಲವರು ನೋಡಿರಬೇಕು. ಒಂದು ಸುರುಳಿಗೆ ಹನ್ನೆರಡು ಚಿತ್ರ. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು. ಉಳಿದದ್ದು ತೆಗೆಯುವವನ ಕಣ್ಣು.

ತೊಳೆಯುವುದು ಕೂಡ ತಾವೇ. ರಾತ್ರಿ ಕಿಟಕಿಗೆ ಕಂಬಳಿ ಕಟ್ಟಿ, ಮೂರು ತಟ್ಟೆಗಳಲ್ಲಿ ಡೆವಲಪರ್, ನೀರು, ಹೈಪೋ ಸಾಲಾಗಿ ಇಡುತ್ತಿದ್ದರು. ಫಿಲ್ಮು ಪೂರ್ತಿ ಕತ್ತಲೆಯಲ್ಲಿ ಅದ್ದಬೇಕು. ಕಾಗದಕ್ಕಾದರೆ ಕೆಂಪು ಬೆಳಕು ಸಾಕು. ಜಗಳೂರಿನ ಬಾವಿಯ ನೀರು ಬಹಳ ಗಡಸು. ನೆಗೆಟಿವ್ ಒಣಗಿದ ಮೇಲೆ ನೋಡಿದರೆ ಮನುಷ್ಯರ ಮುಖದ ಮೇಲೆಲ್ಲ ಸುಣ್ಣದ ಬಿಳಿಯ ಚುಕ್ಕೆ, ಸಿಡುಬು ಎದ್ದಂತೆ. ಇದು ಔಷಧಿಯ ದೋಷವೆಂದು ಮಾವ ಒಂದು ವರ್ಷ ಒದ್ದಾಡಿದರು. ಕೊನೆಗೆ ಮಳೆಯ ನೀರನ್ನು ಹಂಡೆಯಲ್ಲಿ ಹಿಡಿದಿಟ್ಟು, ಕೊನೆಯ ತೊಳೆತಕ್ಕೆ ಅದನ್ನೇ ಬಳಸತೊಡಗಿದ ಮೇಲೆ ಚುಕ್ಕೆ ಹೋಯಿತು. ಕುಡಿಯಲು ನೀರಿಗೆ ಪರದಾಡುವ ಊರಿನಲ್ಲಿ ಮಳೆನೀರನ್ನು ಪಟಕ್ಕೆ ಸುರಿಯುವ ಮೇಷ್ಟರನ್ನು ಕಂಡು ಮನೆಯ ಮಾಲೀಕರಿಗೆ ಏನನ್ನಿಸಿತೋ ನಾನರಿಯೆ.

ಚನ್ನಗಿರಿಗೆ ವರ್ಗವಾದ ಮೇಲೆ ಮದುವೆಯಾಯಿತು, ಖರ್ಚು ಬೆಳೆಯಿತು. ಭಾನುವಾರ ಸೂಳೆಕೆರೆಯ ಏರಿಗೋ ಸಂತೇಬೆನ್ನೂರಿಗೋ ಸೈಕಲ್ಲು. ಸಂತೇಬೆನ್ನೂರಿನ ಪುಷ್ಕರಣಿಯ ನಡುವಿನ ವಸಂತ ಮಂಟಪ ಬೆಳಗಿನ ಹೊತ್ತು ನೀರಿನಲ್ಲಿ ತಲೆಕೆಳಗಾಗಿ ನಿಲ್ಲುವುದನ್ನು ನೀವು ನೋಡಿದ್ದರೆ, ಒಬ್ಬ ಮನುಷ್ಯ ಅದಕ್ಕಾಗಿ ಎಷ್ಟು ಸುರುಳಿ ಫಿಲ್ಮು ಹಾಳುಮಾಡಬಲ್ಲನೆಂದು ಹೇಳಬೇಕಾಗಿಲ್ಲ. ಫಿಲ್ಮಿಗೆ ದುಡ್ಡು ಬೇಕು. ಯಾರೋ ಮದುವೆಗೆ ಕರೆದರು, ಸಾಮಾನಿನ ಖರ್ಚು ಕೊಡುತ್ತೇವೆಂದರು. ಹೀಗೆ ಶುರುವಾಯಿತು.

ಮೂರನೆಯದೋ ನಾಲ್ಕನೆಯದೋ ಮದುವೆಯಲ್ಲಿ ಆ ಪ್ರಮಾದ ನಡೆಯಿತು. ಆ ಕ್ಯಾಮೆರಾದಲ್ಲಿ ಒಂದು ಚಿತ್ರ ತೆಗೆದ ಮೇಲೆ ಹಿಂಬದಿಯ ಕೆಂಪು ಕಿಂಡಿಯಲ್ಲಿ ಮುಂದಿನ ಅಂಕೆ ಕಾಣುವವರೆಗೆ ಕೈಯಿಂದಲೇ ಸುರುಳಿ ಸುತ್ತಬೇಕು. ಮರೆತರೆ ಎಚ್ಚರಿಸುವ ಏರ್ಪಾಡಿಲ್ಲ. ಮಾಂಗಲ್ಯಧಾರಣೆಯ ಗದ್ದಲದಲ್ಲಿ ಮಾವ ಮರೆತರು. ತೊಳೆದು ನೋಡಿದರೆ ತಾಳಿ ಕಟ್ಟುವ ಚಿತ್ರದ ಮೇಲೆಯೇ ಬೀಗರು ಎಲೆಯ ಮುಂದೆ ಕುಳಿತಿದ್ದಾರೆ. ಮದುಮಗಳ ಕೊರಳಲ್ಲಿ ಹೋಳಿಗೆ. ಅದೇ ಚಿತ್ರ ತಮ್ಮ ಹವ್ಯಾಸಕ್ಕೆ ತೆಗೆದದ್ದಾಗಿದ್ದರೆ ಸ್ನೇಹಿತರಿಗೆ ತೋರಿಸಿ ನಗಬಹುದಾಗಿತ್ತು. ಇದು ಹಾಗಲ್ಲ. ಮದುವೆ ಮತ್ತೆ ನಡೆಯುವುದಿಲ್ಲ. ಮಾವ ಹೆಣ್ಣಿನ ತಂದೆಯ ಮನೆಗೆ ಹೋಗಿ ದುಡ್ಡು ಹಿಂದಿರುಗಿಸಿದರು. ಆ ತಂದೆ ದುಡ್ಡನ್ನು ತೆಗೆದುಕೊಳ್ಳಲೂ ಇಲ್ಲ, ಮಾತನಾಡಲೂ ಇಲ್ಲ. ನನ್ನ ಚಿತ್ರ ಕೆಟ್ಟರೆ ನಷ್ಟ ನನ್ನದು, ದುಡ್ಡು ಪಡೆದು ತೆಗೆದ ಚಿತ್ರ ಕೆಟ್ಟರೆ ನಷ್ಟ ಅವರದು ಎಂದು ಮಾವ ಆಮೇಲೆ ಹೇಳುತ್ತಿದ್ದರು. ಹವ್ಯಾಸಕ್ಕೂ ಕಸಬಿಗೂ ನಡುವಣ ಗೆರೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರಾದರೂ ಎಳೆದದ್ದನ್ನು ನಾನು ಕೇಳಿಲ್ಲ. ಅಂದಿನಿಂದ ಅವರು ಪ್ರತಿ ಮದುವೆಗೂ ಎರಡು ಕ್ಯಾಮೆರಾ ಒಯ್ಯುತ್ತಿದ್ದರು, ಒಂದು ಎರವಲಿನದು.

ಹೊನ್ನಾಳಿಗೆ ಬರುವ ಹೊತ್ತಿಗೆ ಹೆಸರು ಹಬ್ಬಿತ್ತು. ಅಲ್ಲೊಂದು ಕಾಗದ ಬಂತು, ಮೇಲಿನ ಕಛೇರಿಯಿಂದ. ಸರ್ಕಾರಿ ನೌಕರರ ನಡತೆಯ ನಿಯಮಗಳು ೧೯೬೬ರವು. ಸಾಹಿತ್ಯ, ಕಲೆ, ವಿಜ್ಞಾನಗಳ ಕೆಲಸವನ್ನು ಆಗೊಮ್ಮೆ ಈಗೊಮ್ಮೆ ಮಾಡಲು ಅಡ್ಡಿಯಿರಲಿಲ್ಲ. ವ್ಯಾಪಾರಕ್ಕಾದರೆ ಮೊದಲೇ ಅನುಮತಿ ಪಡೆಯಬೇಕಾಗಿತ್ತು. ಮದುವೆಯ ಪಟ ತೆಗೆಯುವುದು ಕಲೆಯೋ ವ್ಯಾಪಾರವೋ? ವಿವರಣೆ ಕೊಡಿ ಎಂದು ಕಾಗದ ಕೇಳುತ್ತಿತ್ತು. ಪ್ರಶ್ನೆ ತಪ್ಪೆಂದು ನಾನು ಹೇಳಲಾರೆ. ಮಾವ ಮೂರು ರಾತ್ರಿ ಕೂತು ಉತ್ತರ ಬರೆದು ಹರಿದರು. ಮೊದಲನೆಯದರಲ್ಲಿ ಕಲೆ ಎಂದು ವಾದ, ಎರಡನೆಯದರಲ್ಲಿ ಕ್ಷಮಾಪಣೆ, ಮೂರನೆಯದರಲ್ಲಿ ಕೆಲಸಕ್ಕೇ ರಾಜೀನಾಮೆ. ಟ್ರೈಪ್ ಆಗಲಿ ದೀನ್ ದಯಾಳರಾಗಲಿ ನಿಂತಿದ್ದ ಕವಲುದಾರಿಯೇ ಅದು. ಹೊಳೆಯ ದಂಡೆಯ ಎರಡು ಕೋಣೆಯ ಮನೆಯೊಳಗೆ ಬಂದಿತ್ತು, ಅಷ್ಟೆ.

ಆಗ ನನ್ನ ಅತ್ತೆ ಬಾಯಿ ತೆರೆದರು. ಅಲ್ಲಿಯವರೆಗೆ ಪಟ ತೆಗೆದವರು ಮಾವ. ಕಾಗದದ ಮೇಲೆ ಇಳಿಸಿ, ತೊಳೆದು, ಅಂಚು ಕತ್ತರಿಸಿ, ಲೆಕ್ಕ ಬರೆದವರು ಅತ್ತೆ. ಕತ್ತಲೆಕೋಣೆ ಅವರ ಅಡಿಗೆಮನೆಯೇ. ಹೈಪೋ ವಾಸನೆಗೂ ಹುಳಿಯ ವಾಸನೆಗೂ ಒಂದೇ ಒಲೆಗಟ್ಟೆ. ಅಂಗಡಿ ನನ್ನ ಹೆಸರಿನಲ್ಲಿರಲಿ, ಕ್ಯಾಮೆರಾ ನಾನೇ ಹಿಡಿಯುತ್ತೇನೆ, ನೀವು ಶಾಲೆಗೆ ಹೋಗಿ ಎಂದರು. ಮನೆಯವರು ವ್ಯಾಪಾರ ಮಾಡಿದರೆ ನೌಕರ ಅದನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮವೂ ಇತ್ತು, ಮಾವ ತಿಳಿಸಿದರು. ಕಾಗದ ಮುಗಿಯಿತು. ಮುಂದಿನ ವರ್ಗ ನ್ಯಾಮತಿಗೆ. ಅಲ್ಲಿ ಪೇಟೆಯಲ್ಲಿ ಒಂದು ಮಳಿಗೆ ಹಿಡಿದು ಪರದೆ ಇಳಿಬಿಟ್ಟರು.

ಪಟ ತೆಗೆಯುವ ಹೆಂಗಸೆಂದು ಮೊದಮೊದಲು ಜನ ಬಾಗಿಲಲ್ಲಿ ಇಣುಕಿ ಹೋಗುತ್ತಿದ್ದರು. ಆದರೆ ಮಾವನಿದ್ದಾಗ ಬಾರದಿದ್ದ ಗಿರಾಕಿಗಳು ಈಗ ಬಂದರು: ಬಾಣಂತಿಯರು, ಸೊಸೆಯಂದಿರು, ತಲೆಯ ಸೆರಗು ಸರಿಸಲು ಪರಗಂಡಸಿನ ಮುಂದೆ ನಾಚುವ ಅಜ್ಜಿಯರು, ಹತ್ತಿರದ ತಾಂಡಾಗಳ ಹೆಂಗಸರು. ದೀನ್ ದಯಾಳರು ಇಂಗ್ಲಿಷ್ ಮಹಿಳೆಯನ್ನು ನೇಮಿಸಿದ ಗುಟ್ಟನ್ನು ನಮ್ಮ ಅತ್ತೆ ಯಾವ ಪುಸ್ತಕವನ್ನೂ ಓದದೆ ಕಂಡುಕೊಂಡರು. ಮದುವೆಯ ಕಾಲದಲ್ಲಿ ಭಾನುವಾರಗಳಂದು ಮಾವ ದೀಪ ಹಿಡಿದು ನಿಲ್ಲುತ್ತಿದ್ದರು, ಸಹಾಯಕರಾಗಿ. ಅದಕ್ಕೆ ಅವರಿಗೆ ಸಂಬಳವಿರಲಿಲ್ಲ.

ವ್ಯಾಪಾರವೆಂದರೆ ಮದುವೆಯೊಂದೇ ಎಂದು ತಿಳಿಯಬೇಡಿ. ಅಂಗಡಿಯ ದಿನದ ಅನ್ನ ಚಿಕ್ಕ ಪಟಗಳಿಂದ. ಪರೀಕ್ಷೆಯ ಅರ್ಜಿ, ಬ್ಯಾಂಕಿನ ಸಾಲ, ಪಾಸುಪುಸ್ತಕ, ಎಲ್ಲಕ್ಕೂ ಮೂರು ಪ್ರತಿ. ೧೯೯೩ರಲ್ಲಿ ಟಿ. ಎನ್. ಶೇಷನ್ ಅವರು ಮತದಾರರಿಗೆಲ್ಲ ಭಾವಚಿತ್ರದ ಗುರುತಿನ ಚೀಟಿ ಬೇಕೆಂದು ಪಟ್ಟು ಹಿಡಿದ ಮೇಲಂತೂ, ಹುಟ್ಟಿದಂದಿನಿಂದ ಕ್ಯಾಮೆರಾದ ಮುಂದೆ ನಿಲ್ಲದವರೂ ನಿಲ್ಲಬೇಕಾಯಿತು. ಆ ಹೊತ್ತಿಗೆ ಬಣ್ಣ ಬಂದಿತ್ತು, ದಾವಣಗೆರೆಯಲ್ಲಿ ಯಂತ್ರದಿಂದ ಪಟ ತೊಳೆಯುವ ಪ್ರಯೋಗಾಲಯಗಳಾಗಿದ್ದವು, ಅತ್ತೆಯ ಅಡಿಗೆಮನೆ ಮತ್ತೆ ಬರಿಯ ಅಡಿಗೆಮನೆಯಾಯಿತು. ಅದರಾಚೆಯ ಕಥೆ ನಿಮಗೆ ಗೊತ್ತೇ ಇದೆ. ಊಟಿಯಲ್ಲಿ ಇಂದು ಎಂಬ ಹೆಸರಿನ ಫಿಲ್ಮು ತಯಾರಿಸುತ್ತಿದ್ದ ಸರ್ಕಾರಿ ಕಾರ್ಖಾನೆ ಮುಚ್ಚಿತು. ೨೦೧೨ರ ಜನವರಿಯಲ್ಲಿ ಈಸ್ಟ್‌ಮನ್ನನ ಕೊಡಕ್ ಕಂಪನಿ ದಿವಾಳಿಯ ಅರ್ಜಿ ಹಾಕಿತು. ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ. ಆದರೂ ಸಂತೇಬೆನ್ನೂರಿನ ಪುಷ್ಕರಣಿಯ ಮೆಟ್ಟಿಲ ಮೇಲೆ ಭಾನುವಾರ ಹೋಗಿ ನೋಡಿ. ಮದುವೆಗೆ ಮುಂಚಿನ ಪಟಕ್ಕಾಗಿ ನಿಂತ ಜೋಡಿ, ಎದುರಿಗೆ ಕ್ಯಾಮೆರಾ ಹಿಡಿದ ಯುವಕ. ವಾರದ ದಿನಗಳಲ್ಲಿ ಏನು ಕೆಲಸವೆಂದು ವಿಚಾರಿಸಿ. ಅಡಿಕೆ ಮಂಡಿಯ ಲೆಕ್ಕ, ಕಾಲೇಜಿನ ಪ್ರಯೋಗಶಾಲೆ, ಬ್ಯಾಂಕು ಎಂದು ಉತ್ತರ ಬಂದರೆ ಆಶ್ಚರ್ಯಪಡಬೇಡಿ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕಾಗಿದೆ, ಏಕೆಂದರೆ ಕಾಲ ಮೀರುತ್ತಿದೆ. ದೀನ್ ದಯಾಳರು ೧೯೦೫ರಲ್ಲಿ ತೀರಿಕೊಂಡರು. ಅವರ ಸ್ಟುಡಿಯೋದ ೨,೮೫೭ ಗಾಜಿನ ನೆಗೆಟಿವ್‌ಗಳನ್ನು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ೧೯೮೯ರಲ್ಲಿ ಕೊಂಡು ಕಾಪಾಡಿದೆ. ರಾಜಮಹಾರಾಜರ ಮುಖಗಳು ಉಳಿದವು. ನಮ್ಮ ಊರುಗಳ ಮುಖಗಳ ಗತಿಯೇನು? ಮಳಿಗೆ ಖಾಲಿ ಮಾಡುವಾಗ ನೆಗೆಟಿವ್ ಡಬ್ಬಗಳು ಮೊದಲು ತಿಪ್ಪೆಗೆ ಹೋಗುತ್ತವೆ. ೧೯೫೭ರ ಕೃತಿಸ್ವಾಮ್ಯದ ಕಾಯಿದೆಯಂತೆ, ನೀವು ದುಡ್ಡು ಕೊಟ್ಟು ತೆಗೆಸಿದ ಪಟದ ಹಕ್ಕು, ಬೇರೆ ಕರಾರಿಲ್ಲದಿದ್ದರೆ, ನಿಮ್ಮದೇ. ಹಕ್ಕು ನಿಮ್ಮದು, ನೆಗೆಟಿವ್ ಅಂಗಡಿಯವರ ಅಟ್ಟದಲ್ಲಿ. ನಿಮ್ಮ ಊರಿನ ಹಳೆಯ ಸ್ಟುಡಿಯೋದವರು ಬದುಕಿದ್ದರೆ ಒಮ್ಮೆ ಹೋಗಿ ಕೇಳಿ. ಮನೆಯಲ್ಲಿರುವ ಪಟಗಳ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ಹೆಸರು, ಊರು, ಇಸವಿ ಬರೆದಿಡಿ. ಶಾಯಿ ಬೇಡ, ಅದು ಮುಂಬದಿಗೆ ಇಳಿಯುತ್ತದೆ. ಹೆಸರು ಬಲ್ಲ ಅಜ್ಜಿ ಇರುವಾಗಲೇ ಈ ಕೆಲಸ ಆಗಬೇಕು.

ಅತ್ತೆಯ ಅಟ್ಟದಲ್ಲಿ ಹದಿನೇಳು ಬಿಸ್ಕತ್ತಿನ ಡಬ್ಬಗಳಿವೆ. ಪ್ರತಿ ನೆಗೆಟಿವ್‌ಗೂ ಒಂದು ಅಂಕೆ, ಪ್ರತಿ ಅಂಕೆಗೂ ನೋಟ್‌ಬುಕ್ಕಿನಲ್ಲಿ ಒಂದು ಹೆಸರು. ಮಾವ ಈಗಿಲ್ಲ. ಕಳೆದ ಬೇಸಿಗೆಯಲ್ಲಿ ನಾನು ನ್ಯಾಮತಿಗೆ ಹೋಗಿದ್ದಾಗ ಗೋವ���ನಕೋವಿಯ ಕಡೆಯಿಂದ ಒಬ್ಬರು ಬಂದರು, ಐವತ್ತರ ಸುಮಾರಿನ ವಯಸ್ಸು. ತಾಯಿ ತೀರಿಕೊಂಡು ನಲವತ್ತು ವರ್ಷವಾಯಿತು, ಮನೆಯಲ್ಲಿ ಒಂದು ಪಟವೂ ಇಲ್ಲ, ಬ್ಯಾಂಕಿನ ಎಮ್ಮೆ ಸಾಲಕ್ಕೆ ಇಲ್ಲಿ ಫೋಟೋ ತೆಗೆಸಿದ್ದಳೆಂದು ನೆನಪು ಎಂದರು. ಅತ್ತೆ ಕನ್ನಡಕ ಏರಿಸಿ ನೋಟ್‌ಬುಕ್ಕಿನ ಹಾಳೆಗಳ ಮೇಲೆ ಬೆರಳಾಡಿಸಿದರು. ಆ ಹೆಸರಿನವರು ಮೂವರಿದ್ದರು. ಮೂರು ನೆಗೆಟಿವ್‌ಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದರು. ನೆಗೆಟಿವ್‌ನಲ್ಲಿ ಕೂದಲು ಬಿಳುಪು, ಮುಖ ಕಪ್ಪು. ಬಂದವರಿಗೆ ಏನೂ ತಿಳಿಯಲಿಲ್ಲ. ಎರಡನೆಯದು ನಿನ್ನ ತಾಯಿ, ಕಿವಿ ನೋಡು, ನಿನ್ನದೇ ಕಿವಿ ಎಂದು ಅತ್ತೆ ಅದನ್ನು ಲಕೋಟೆಗೆ ಹಾಕಿದರು. ದಾವಣಗೆರೆಯಲ್ಲಿ ಇದರಿಂದ ದೊಡ್ಡ ಪಟ ಮಾಡಿಕೊಡುತ್ತಾರೆ, ನೆಗೆಟಿವ್ ಮಾತ್ರ ನನಗೆ ವಾಪಸು ತಂದುಕೊಡಬೇಕು ಎಂದು ಹೇಳಿ, ನೋಟ್‌ಬುಕ್ಕಿನಲ್ಲಿ ಆ ಅಂಕೆಯ ಮುಂದೆ ತಾರೀಖು ಬರೆದುಕೊಂಡರು.